ಬೋಳು ಕಿವಿ

ಎಂಟು ತುಂಬಿದರೂ ಮೊಮ್ಮಗಳ ಕಿವಿ ಬೋಳಾಗಿದ್ದದ್ದು ಹಾಲಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಗಾಯವಾದರೆ ರಕ್ತ ಹೆಪ್ಪುಗಟ್ಟದ ಕಾಯಿಲೆ ಮಗುವಿಗೆ. ಕಿವಿಗೆ ಸೂಜಿ ಸೋಕಿಸುವ ಹಾಗಿರಲಿಲ್ಲ. ಆ ಕಾಯಿಲೆಗೆ ಹೊಸ ಔಷಧಿಯ ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮ ಕೇಳಿದಾಗಲೆಲ್ಲ "ಇನ್ನೂ ಬೇಡ" ಅನ್ನುತ್ತಿದ್ದರು.

"ಆ ಡಾಕ್ಟರಮ್ಮನ ಕಿವಿಯೂ ಬೋಳೇ. ಫ್ಯಾಷನ್ನಿನವಳಿಗೆ ಓಲೆಯ ಬೆಲೆ ಏನು ಗೊತ್ತು?" ಎಂದು ಹಾಲಮ್ಮ ಮನೆಗೆ ಬಂದು ಗೊಣಗುತ್ತಿದ್ದಳು.

ಕೊನೆಗೂ ಔಷಧಿ ಕೈ ಹಿಡಿಯಿತು. ಮಗು ಬಿದ್ದು ಮೊಣಕಾಲು ತರಚಿಕೊಂಡರೂ ರಕ್ತ ತಾನಾಗಿಯೇ ನಿಂತಿತು. ಡಾಕ್ಟರಮ್ಮನೇ ಕಿವಿ ಚುಚ್ಚುವ ಆಚಾರ್ರನ್ನು ಆಸ್ಪತ್ರೆಗೆ ಕರೆಸಿದರು. ಆಚಾರ್ರು ಸೂಜಿ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು.

"ರಕ್ತ ನಿಲ್ಲದಿದ್ದರೆ ಗತಿಯೇನು ತಾಯಿ?"

"ನಿಲ್ಲುತ್ತೆ," ಎಂದರು ಡಾಕ್ಟರಮ್ಮ.

"ಹೇಳೋರು ನೀವು, ಚುಚ್ಚಿಸಿಕೊಳ್ಳೋದು ನಮ್ಮ ಕೂಸು," ಎಂದಳು ಹಾಲಮ್ಮ. ಈ ಹೊತ್ತಿಗೆ ಅವಳ ಧೈರ್ಯವೂ ಉಡುಗಿತ್ತು. ಕೂಸು ಮಾತ್ರ "ಬೇಗ ಚುಚ್ಚಿ ತಾತಾ" ಎಂದು ಮಂಚದ ಮೇಲೆ ಕಾಲಾಡಿಸುತ್ತಿತ್ತು.

ಡಾಕ್ಟರಮ್ಮ ನಕ್ಕು, ಕುರ್ಚಿ ಎಳೆದುಕೊಂಡು ಕೂತು, ಚೀಲದಿಂದ ಪುಟ್ಟದೊಂದು ಡಬ್ಬಿ ತೆಗೆದು ಆಚಾರ್ರ ಕೈಗಿಟ್ಟರು.

"ಮೊದಲು ನನಗೆ ಚುಚ್ಚಿ. ನಾನೂ ಅದೇ ಔಷಧಿ ತಗೊಳ್ತಿದೀನಿ. ಇವು ನನ್ನ ನಾಮಕರಣಕ್ಕೆ ನಮ್ಮಮ್ಮ ಮಾಡಿಸಿಟ್ಟ ಓಲೆ."