ಡಾಕ್ಟರು ಗವಸು ತೆಗೆದರು

ರೋಗಿಯ ಕೈ ಹಿಡಿದರೆ ಸಾಕು, ಅವರ ನೋವು ಭಾಗ್ಯಶ್ರೀಯ ಮೈಗೆ ಬರುತ್ತಿತ್ತು. ಫಿಜಿಷಿಯನ್ ಅಸಿಸ್ಟೆಂಟ್ ಕೋರ್ಸಿನಲ್ಲಿ ನಾಲ್ಕು ವರ್ಷ ಕಲಿಸುವುದು ಅದನ್ನೇ ತಾನೆ! ಓದು ಮುಗಿಯುತ್ತಲೇ ಹುಬ್ಬಳ್ಳಿಯ ಆಸ್ಪತ್ರೆಯೊಂದರಿಂದ ಕೆಲಸದ ಪತ್ರ ಬಂತು. ಅವಳು ಹೊರಬೇಕಾದ ನೋವಿನ ಲೆಕ್ಕವೂ ಅದರಲ್ಲಿತ್ತು: ದಿನಕ್ಕೆ ನಾಲ್ಕು ತಲೆನೋವು, ಆರು ಹೊಟ್ಟೆನೋವು, ವಾರಕ್ಕೊಂದೇ ಮೂತ್ರಕಲ್ಲು. ಹೆರಿಗೆ ನೋವು ಬಂದರೆ ಮರುದಿನ ರಜೆ.

ಸಹಿ ಹಾಕುವ ಮೊದಲು ಅವಳು, ಅಲ್ಲಿ ತಾನು ಯಾರ ಕೈಕೆಳಗೆ ಕೆಲಸ ಮಾಡಬೇಕಿತ್ತೋ ಆ ಡಾಕ್ಟರ್ ಹಂಪಣ್ಣವರ ಅವರನ್ನು ಕಾಣಲು ಹೋದಳು. ಅಂಥ ಸೆಕೆಯಲ್ಲೂ ಅವರು ಕೈಗವಸು ಹಾಕಿಕೊಂಡು ಕುಳಿತಿದ್ದರು.

“ನಮ್ಮಲ್ಲಿ ಎಲ್ಲಾರೂ ಭಾಳ ಆರಾಮ ಅದಾರವಾ. ಒತ್ತಡ ಅನ್ನೂದ ಗೊತ್ತಿಲ್ಲ,” ಎಂದರು.

“ಹಂಗಾರ ಗವಸು ತಗದು ಕೈ ಕೊಡ್ರಿ ಸರ್.”

ಡಾಕ್ಟರು ಬಾಗಿಲು ನೋಡಿದರು, ಗಡಿಯಾರ ನೋಡಿದರು, ಕೊನೆಗೆ ಗವಸು ಕಿತ್ತು ಕೈ ಚಾಚಿದರು. ಹಿಡಿದದ್ದೇ ತಡ, ಭಾಗ್ಯಶ್ರೀಯ ಸೊಂಟ ಹಿಡಿದುಕೊಂಡಿತು, ಕಣ್ಣು ಉರಿದವು, ಹೊಟ್ಟೆ ಬೆನ್ನಿಗೆ ಹತ್ತಿತು.

“ಊಟ ಯಾವಾಗ ಮಾಡೀರಿ ಸರ್?”

“ನಿನ್ನೆ ಮುಂಜಾನೆ ಒಂದು ಪ್ಲೇಟ್ ಗಿರಮಿಟ್ ತಿಂದಿದ್ದೆ,” ಎಂದು ಅವರು ತಲೆ ತಗ್ಗಿಸಿದರು.

ಭಾಗ್ಯಶ್ರೀ ಪತ್ರದ ಕೊನೆಗೆ ‘ದಿನಾ ಮಧ್ಯಾಹ್ನ ಒಂದರಿಂದ ಎರಡು ಗಂಟೆ, ಊಟದ ಬಿಡುವು’ ಎಂದು ಬರೆದಳು.

“ಅಷ್ಟೇನಾ? ತಗೊಳವಾ, ನಿನಗ್ಯಾಕ ಇಲ್ಲಂತೀನಿ?”

“ನನಗಲ್ರಿ, ನಿಮಗ. ದಿನಾ ನಿಮ್ಮ ಕೈಗೆ ಕೈ ತಾಗಿಸಿ ಕೆಲಸ ಮಾಡಾಕಿ ನಾನು. ನೀವು ಉಪವಾಸ ಇದ್ರ, ನಾ ಎಷ್ಟು ರೊಟ್ಟಿ ತಿಂದ್ರೂ ನನ್ನ ಹೊಟ್ಟಿ ತುಂಬಂಗಿಲ್ರಿ!”