ನಿಂತವನ ಸುತ್ತ ಚೌಕಟ್ಟು

ಕ್ಲಾರಾ ಅಳಿಸಿದ ಕೆಂಪು ಚೌಕಟ್ಟು ಪರದೆಯ ಮೇಲಿನ ಆಟಗಾರನ ಸುತ್ತ ಮತ್ತೆ ಮೂಡಿತು. ಅವನು ಬಿದ್ದಿರಲಿಲ್ಲ, ಮೈದಾನದಲ್ಲಿ ನೆಟ್ಟಗೆ ನಿಂತು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ. ಧಾರವಾಡದ ಈ ಆಫೀಸಿನಲ್ಲಿ ಕೂತು, ವರ್ಷವಿಡೀ ಸೋತ ಅಮೆರಿಕನ್ ಫುಟ್ಬಾಲ್ ತಂಡವೊಂದರ ವಿಡಿಯೋಗಳಲ್ಲಿ ಬಿದ್ದು ಏಳದವರ ಸುತ್ತ ಚೌಕಟ್ಟು ಎಳೆದು, ಅಂಥವರನ್ನು ಗುರುತಿಸಲು ಯಂತ್ರಕ್ಕೆ ಕಲಿಸಿದವಳು ಅವಳೇ. ಈಗ ಯಂತ್ರವೇ ಎಳೆಯುತ್ತದೆ, ಅವಳು ತಪ್ಪು ತಿದ್ದಬೇಕು. ಚೌಕಟ್ಟಿನೊಳಗೆ ಸಿಕ್ಕವರನ್ನು ಮಾಲೀಕರು ತಂಡದಿಂದ ಕಿತ್ತೆಸೆಯುತ್ತಾರೆ. ಮಾಲೀಕರ ಸುತ್ತ ಚೌಕಟ್ಟು ಎಳೆಯಲು ಮಾತ್ರ ಅಪ್ಪಣೆಯಿಲ್ಲ.

“ದತ್ತು ಸರ್, ಇಂವ ನಿಂತಾನ್ರಿ. ಚೌಕಟ್ಟು ಹೋಗವಲ್ದರಿ.”

ಮೇಲ್ವಿಚಾರಕ ದತ್ತು ಅವಳ ಕುರ್ಚಿಯ ಹಿಂದೆ ಬಂದು ನಿಂತು ನಕ್ಕ. “ಅಳಸಬ್ಯಾಡ ಬಿಡವಾ. ಸೋಲೋ ತಂಡದಾಗ ಯಾರು ಬೀಳ್ತಾರಂತ ಮಷೀನಿಗೆ ನಿನಗಿಂತ ಛಲೋ ಗೊತ್ತೈತಿ. ಅಂವ ನಿಮ್ಮ ಕಾಕಾನ ಮಗಾ ಏನು?”

ಕ್ಲಾರಾ ವಿಡಿಯೋ ಮುಂದೆ ಓಡಿಸಿದಳು. ಯಾರೂ ಮುಟ್ಟದೆಯೇ ಆ ಮನುಷ್ಯ ಮೊಣಕಾಲೂರಿ ಕುಸಿದ. ಏಳಲಿಲ್ಲ. ದತ್ತುವಿನ ನಗು ನಿಂತಿತು.

ಮುಂದಿನ ವಿಡಿಯೋ ತಾನಾಗಿ ತೆರೆದುಕೊಂಡಿತು. ಅದರಲ್ಲಿ ಮೈದಾನವಿರಲಿಲ್ಲ. ಬಾಗಿಲ ಮೇಲಿನ ಕ್ಯಾಮೆರಾ ಕಂಡ ಅವರದೇ ಆಫೀಸು: ಸಾಲು ಸಾಲು ಬಗ್ಗಿದ ತಲೆಗಳು, ಅವಳ ಕುರ್ಚಿ, ಕುರ್ಚಿಯ ಹಿಂದೆ ದತ್ತು. ಅವನ ಸುತ್ತ ಕೆಂಪು ಚೌಕಟ್ಟು.

“ಅಳಸ್ರಿ ಕ್ಲಾರಾ ಅವ್ರ.” ಅವನು ಅವಳ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. “ಲಗೂ ಅಳಸ್ರಿ.”

ಕ್ಲಾರಾ ಅಳಿಸಿದಳು. ಅದು ಮತ್ತೆ ಮೂಡಿತು.