ಮೂರನೆಯ ಮೂಗು

ಪ್ರಯೋಗಾಲಯದ ಬಿಸಿಪೆಟ್ಟಿಗೆಯಿಂದ ತೆಗೆದ ಗಾಜಿನ ಜಾಡಿಯನ್ನು ಮೂಸಿದ್ದೇ, ವಾಸನೆ ಅಳೆಯುವ ಮೂವರಲ್ಲಿ ಒಬ್ಬನಾದ ಗಿಡ್ಡ ಮುಖ ಸಿಂಡರಿಸಿದ. “ಐದು. ಮೂಗಿನ ಕೂದಲೆಲ್ಲ ಸುಟ್ಟೋಯ್ತು.”

ಪಕ್ಕದವಳು ಕೆಮ್ಮಿ, “ನಂದೂ ಐದೇ” ಅಂದಳು.

ಮೂರನೆಯವಳು ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡಳು. “ಒಂದು.”

ಜಾಡಿಯಲ್ಲಿದ್ದದ್ದು ಮಗುವಿನ ಶೂವಿನಿಂದ ಕತ್ತರಿಸಿದ ತುಂಡು. ಒಂದು ಎಂದರೆ ವಾಸನೆಯೇ ಇಲ್ಲ. ಆರು ಎಂದರೆ ತಡೆಯಲಾರದಷ್ಟು. ಮೂವರ ಸರಾಸರಿ ನಾಲ್ಕು ದಾಟಿದರೆ ಅಂಟಿನಲ್ಲಿ ವಿಷವಿದೆಯೇ ಎಂದು ಯಂತ್ರದಲ್ಲಿ ನೋಡುತ್ತಾರೆ. ದಾಟದಿದ್ದರೆ ಮಾಲು ನೇರ ಅಂಗಡಿಗೆ.

“ನೆಗಡಿಯೇನಮ್ಮಾ?” ಪ್ರಯೋಗಾಲಯದ ಮೇಡಂ ಕೇಳಿದರು.

“ಇಲ್ಲ ಮೇಡಂ.”

“ಇವಳ ಮೂಗು ಮೂಗುತಿಗೆ ಅಂತ ಇರೋದು, ಬಿಡಿ” ಅಂದ ಗಿಡ್ಡ.

ಮೇಡಂ ನಗಲಿಲ್ಲ. “ನಿನ್ನ ಒಂದರಿಂದ ಮಾಲು ಪಾಸಾಗಿಬಿಡುತ್ತೆ. ಇನ್ನೊಂದ್ಸಲ ಮೂಸಿ ಹೇಳು.”

ಅವಳು ಮತ್ತೆ ಜಾಡಿಗೆ ಮುಖವಿಟ್ಟಳು. ನೆನಪಾದದ್ದು ಚಿಕ್ಕಂದಿನ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದ್ದ ಅಪ್ಪನ ಅಂಗಿ. ಹೆಗಲ ಮೇಲೆ ಕೂರಿಸಿಕೊಂಡಾಗ ಅವನ ಕೂದಲಿನಿಂದ ಬರುತ್ತಿದ್ದ ಅದೇ ಸಿಹಿ ಘಾಟು. ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನವಿಡೀ ಚಪ್ಪಲಿ, ಶೂಗಳ ಅಟ್ಟೆಗೆ ಅಂಟು ಬಳಿಯುವುದು ಅವನ ಕೆಲಸವಾಗಿತ್ತು. ಅವಳಿಗೆ ಅದು ವಾಸನೆ ಅನ್ನಿಸಿದ್ದೇ ಇಲ್ಲ. ಸಂಜೆಯಾಯಿತು, ಅಪ್ಪ ಬಂದ ಎಂದಷ್ಟೇ.

ಬರಬರುತ್ತಾ ಅವನ ಕಾಲಿನಿಂದ ಚಪ್ಪಲಿ ಜಾರಿ ಬೀಳತೊಡಗಿತು. ಬಿದ್ದದ್ದು ಅವನಿಗೆ ತಿಳಿಯುತ್ತಲೂ ಇರಲಿಲ್ಲ. ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದು ನಗುತ್ತಿದ್ದ. “ಊರಿಗೆಲ್ಲ ಮೆಟ್ಟು ಮಾಡೋನ ಕಾಲಲ್ಲಿ ಮೆಟ್ಟೇ ನಿಲ್ಲಲ್ಲ ನೋಡು. ಓಡು ಮಗಳೇ, ದಾರೀಲಿ ಎಲ್ಲೋ ಬಿದ್ದಿರುತ್ತೆ, ಹುಡುಕಿ ತಾ.” ಅವಳಿಗದು ಆಟ. ಮೋರಿಯ ಅಂಚಿನಲ್ಲೋ ದೀಪದ ಕಂಬದ ಬುಡದಲ್ಲೋ ಸಿಕ್ಕ ಚಪ್ಪಲಿಯನ್ನು ಎದೆಗವಚಿ ಓಡಿ ಬರುತ್ತಿದ್ದಳು. ಅಂಟಿನ ಗಾಳಿ ಕಾಲಿನ ನರಗಳನ್ನು ಕೊಲ್ಲುತ್ತದೆ ಎಂದು ಅವಳು ಓದಿ ತಿಳಿಯುವ ಹೊತ್ತಿಗೆ, ಚಪ್ಪಲಿ ಹುಡುಕಿ ತಂದುಕೊಡೋಣವೆಂದರೆ ಅಪ್ಪನೇ ಬದುಕಿರಲಿಲ್ಲ.

ಈ ಶೂವಿಗೂ ಯಾರೋ ಅಂಟು ಬಳಿದಿದ್ದಾರೆ. ಅವರ ಮನೆಯಲ್ಲೂ ಸಂಜೆಯಾಗುತ್ತದೆ.

“ಎಷ್ಟಮ್ಮಾ?”

ಅವಳು ಜಾಡಿಯ ಮುಚ್ಚಳ ಬಿಗಿದಳು. ಈ ವಾಸನೆಯನ್ನು ಕೆಟ್ಟದ್ದೆಂದರೆ ಅಪ್ಪನನ್ನೇ ಹೊರಗೆ ಹೋಗು ಎಂದಂತೆ. “ಆರು, ಮೇಡಂ.”

ಗಿಡ್ಡ ಅವಳ ಮುಖವನ್ನೊಮ್ಮೆ ನೋಡಿ, ಜಾಡಿಯನ್ನು ಮೇಡಂ ಕಡೆ ಸರಿಸಿದ. ಮೇಡಂ ತುಂಡನ್ನು ಯಂತ್ರದ ಕೋಣೆಗೆ ಕಳಿಸಿದರು.

“ಇನ್ಮೇಲೆ ಅಂಟಿನ ಮಾಲಿಗೆ ನನ್ನ ಕರೀಬೇಡಿ” ಅಂದಳು ಅವಳು.

“ಯಾಕೆ, ಈ ವಾಸನೆ ತಡ್ಕೊಳ್ಳೋಕಾಗಲ್ವಾ?” ಮೇಡಂ ಕೇಳಿದರು.

“ಹೂಂ” ಅಂದಳು.

ಮೇಜಿನ ಮೇಲೆ, ಕತ್ತರಿಸದೆ ಉಳಿದ ಇನ್ನೊಂದು ಪುಟ್ಟ ಶೂ ಇತ್ತು. ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳು ಅದನ್ನೆತ್ತಿ ಎದೆಗವಚಿಕೊಂಡು ನಿಂತಳು, ಯಾರ ಮನೆಗೆ ಓಡಬೇಕೆಂದು ತಿಳಿಯದೆ.